ಎರಡು ಅರೆ ಸೇರಿ ಒಂದು ಮನೆ

“ಕೂತ್ಕಳ್ಲಾ. ಅರೆ ಒಕ್ಲು ನೀನು. ಪೂರಾ ಒಕ್ಲು ಮಾತಾಡೋವಾಗ ಮಧ್ಯದಲ್ಲಿ ಬಾಯಾಕ್ಬ್ಯಾಡ.”

ನಮ್ಮ ಬೀದಿಯ ಯಜಮಾನ ಮಲ್ಲಯ್ಯ ಇದನ್ನು ಚಾವಡಿಯಲ್ಲಿ ಹೇಳಿದ, ವೀಳ್ಯದೆಲೆಗೆ ಸುಣ್ಣ ಸವರುತ್ತ. ತೊರೆಹುಂಡಿಯ ನಾಲ್ಕೂ ಬೀದಿಯ ಯಜಮಾನರು ಅಲ್ಲಿ ಕೂತಿದ್ದರು. ಸುತ್ತ ಎಪ್ಪತ್ತು ಎಂಬತ್ತು ಜನ ನಿಂತಿದ್ದರು. ಹೆಂಗಸರು ಕೆಳಗೆ ಹೊಂಗೆಮರದ ನೆರಳಿನಲ್ಲಿದ್ದರು, ನಮ್ಮವ್ವ ಕೆಂಪಾಜಮ್ಮನೂ ಅವರಲ್ಲಿದ್ದಳು. ಕೆಲವರು ನಕ್ಕರು. ಉಳಿದವರು ನಗಲಿಲ್ಲ, ಯಾಕೆಂದರೆ ಅವರ ಪ್ರಕಾರ ಮಲ್ಲಯ್ಯ ತಮಾಷೆ ಮಾಡಿರಲಿಲ್ಲ, ಲೆಕ್ಕ ಹೇಳಿದ್ದ.

ನಾನು ಕೂತೆ. ಮಲ್ಲಯ್ಯ ವರಸೆಯಲ್ಲಿ ನನಗೆ ದೊಡ್ಡಪ್ಪನಾಗಬೇಕು.

ಅದು ಎರಡು ಸಾವಿರದ ಮೂರನೇ ಇಸವಿಯ ಫೆಬ್ರವರಿ. ಬಡವರಿಗೆ ಗ್ರಾಂಟ್ ಮನೆ ಕೊಡಲು ಮನೆಪಟ್ಟಿ ಮಾಡುತ್ತಿದ್ದರು. ಯಾವ ಬೀದಿಯಲ್ಲಿ ಎಷ್ಟು ಮನೆ, ಯಾವ ಜಾತಿ, ಮನೆಯಲ್ಲಿ ಎಷ್ಟು ಜನ, ಗೋಡೆ ಮಣ್ಣಿನದೋ ಇಟ್ಟಿಗೆಯದೋ, ಎಲ್ಲವನ್ನೂ ಬರೆಯಬೇಕು. ಬರೆಯುವ ಕೆಲಸ ನಮ್ಮೂರ ಶಾಲೆಯ ಅಮೃತೇಶ್ ಮೇಷ್ಟ್ರಿಗೆ ಬಿದ್ದಿತ್ತು. ಅವರು ಹೆಮ್ಮರಗಾಲದಿಂದ ಸ್ಕೂಟರಿನಲ್ಲಿ ಬಂದು ಹೋಗುವವರು, ಯಾರಿಗೂ ಕೆಟ್ಟದ್ದು ಬಯಸಿದವರಲ್ಲ. ಮನೆಮನೆಗೆ ಹೋಗಿ ಬರೆಯಬೇಕು ಅಂತ ಆದೇಶವಿತ್ತು. ಮೇಷ್ಟ್ರು ಚಾವಡಿಯಲ್ಲಿ ಕುರ್ಚಿ ಹಾಕಿಸಿಕೊಂಡು, ಬೀದಿ ಯಜಮಾನರನ್ನು ಕರೆಸಿ, ಅವರ ಬಾಯಿಂದ ಬರೆದುಕೊಂಡರು. ಬಿಸಿಲು ಹಾಗಿತ್ತು. ಯಜಮಾನನಿಗೆ ತನ್ನ ಬೀದಿ ಬಾಯಿಪಾಠ ಇರುತ್ತದೆ ಅನ್ನುವುದೂ ನಿಜ.

“ನಮ್ದು ಅರವತ್ಮೂರು ಪೂರ, ಎಂಟು ಅರೆ,” ಅಂದಿದ್ದ ಮಲ್ಲಯ್ಯ.

“ಅರೆ ಅಂತ ಬರೆಯೋಕೆ ಕಾಲಂ ಇಲ್ಲವಲ್ಲ ಮಲ್ಲಯ್ಯ.”

“ಅಂಗಾರೆ ಎರಡ್ ಅರೆ ಸೇರ್ಸಿ ಒಂದ್ ಮಾಡ್ಕಳಿ. ಅರವತ್ತೇಳು.”

ಮೇಷ್ಟ್ರು ಗಣಿತವನ್ನೂ ಹೇಳಿಕೊಡುವವರು. ಕೂಡಿದ್ದರಲ್ಲಿ ತಪ್ಪಿರಲಿಲ್ಲ. ಅರವತ್ತೇಳು ಅಂತ ಬರೆದರು. ಆಗ ನಾನು ಎದ್ದು, “ಸಾ, ನಮ್ದು ಬೇರೆ ಮನೆ, ಬೇರೆ ಒಲೆ” ಅಂದೆ. ಮಲ್ಲಯ್ಯ ಹೇಳಿದ್ದು ಅದಕ್ಕೆ.

ಅರೆ ಅಂದರೆ ಏನು ಅಂತ ಹೊರಗಿನವರಿಗೆ ಹೇಳಬೇಕು. ಮಳೆಗೆ ಮುಂಚೆ ಕಾಲುವೆ ಹೂಳು ತೆಗೆಯುವುದು, ಊರಬಾವಿಗೆ ಇಳಿಯುವುದು, ಯಾರಾದರೂ ಸತ್ತರೆ ಗುಂಡಿ ತೋಡುವುದು, ಇಂಥದಕ್ಕೆಲ್ಲ ನಮ್ಮೂರಲ್ಲಿ ಮನೆಗೊಂದು ಆಳು ಬರಬೇಕು. ಗಂಡ ಸತ್ತವಳ ಮನೆಯಿಂದ ಎರಡು ಸಲಕ್ಕೆ ಒಂದು ಸಲ ಬಂದರೆ ಸಾಕು, ಅದು ಅರೆ ಒಕ್ಕಲು. ಯಾವ ಕಾಲದಲ್ಲೋ ಯಾರೋ ಕರುಣೆಯಿಂದ ಮಾಡಿದ ಏರ್ಪಾಡು. ಕರುಣೆ ತೋರಿಸಿದ ಮೇಲೆ ಉಳಿದದ್ದೂ ಅರ್ಧವಾಯಿತು. ಹಬ್ಬದಲ್ಲಿ ಅರ್ಧ ಪಾಲು, ನ್ಯಾಯ ಕೂತಾಗ ಅರ್ಧ ಮಾತು. ಅರ್ಧ ಮಾತು ಅಂದರೆ ಬಾಯಿ ಮುಚ್ಚಿಕೊಂಡು ಕೇಳುವುದು. ಮಗ ಬೆಳೆದರೂ ಸಾಲದು, ಅವನಿಗೆ ಮದುವೆಯಾಗಿ ಸೊಸೆ ಬಂದು ಒಲೆ ಹಚ್ಚಿದ ದಿನ ಆ ಮನೆ ಪೂರಾ ಒಕ್ಕಲಾಗುತ್ತದೆ. ಮೇಗಲ ಬೀದಿಯ ಲಿಂಗಾಯತರು, ಕೆಳಗಲ ಬೀದಿಯ ನಾವು ಒಕ್ಕಲಿಗರು, ಬಾವಿ ಬೀದಿಯ ಉಪ್ಪಾರರು, ಕಾಲುವೆ ಆಚೆ ಕಾಲೋನಿಯ ಆದಿಕರ್ನಾಟಕದವರು, ಒಬ್ಬರ ಮನೆಯಲ್ಲಿ ಒಬ್ಬರು ನೀರು ಕುಡಿಯದವರು, ಈ ಲೆಕ್ಕವನ್ನು ಮಾತ್ರ ಒಟ್ಟಾಗಿ ಒಪ್ಪಿಕೊಂಡಿದ್ದಾರೆ.

ನನಗೆ ಎರಡು ಕಡೆ ಹೆಣ್ಣು ನೋಡಿದ್ದರು. ಎರಡೂ ಕಡೆಯವರು ಬಂದು ನಮ್ಮ ಮನೆಯ ಹಿಂದಿನ ಗೋಡೆ ನೋಡಲು ಹೋದರು. ಗೋಡೆ ಇರಲಿಲ್ಲ. ಹೋದ ವರ್ಷದ ಮಳೆಗೆ ಬಿದ್ದಿತ್ತು. ತಾಂಡ್ಯದಲ್ಲಿ ನಾನು ಪ್ಯಾಕಿಂಗ್ ಮಾಡುವ ಫ್ಯಾಕ್ಟರಿಯ ಹಳೇ ಗೋಣಿಚೀಲ ಬಿಚ್ಚಿ ಹೊಲಿದು ಅಲ್ಲಿ ಕಟ್ಟಿದ್ದೆವು. ನಾಯಿಗಳು ಅದರ ಅಡಿಯಿಂದ ನುಗ್ಗಿ ಮುಂದಿನ ಬಾಗಿಲಿಂದ ಹೊರಗೆ ಹೋಗುತ್ತಿದ್ದವು. ಮೊದಮೊದಲು ಅವ್ವ ಓಡಿಸುತ್ತಿದ್ದಳು, ಆಮೇಲೆ ಬಿಟ್ಟಳು. ಪಟ್ಟಿಯಲ್ಲಿ ನಮ್ಮದೂ ಒಂದು ಮನೆ ಅಂತ ಬಂದರೆ ಅವ್ವನ ಹೆಸರಿಗೆ ಗ್ರಾಂಟ್ ಮನೆ ಸಿಗುತ್ತಿತ್ತು. ಬರದಿದ್ದರೆ ಮುಂದಿನ ಪಟ್ಟಿ ಯಾವ ವರ್ಷವೋ ಅವತ್ತಿನವರೆಗೆ ಗೋಣಿಚೀಲ.

ಮೇಷ್ಟ್ರು ಅರೆಗಳನ್ನು ಜೋಡಿ ಮಾಡತೊಡಗಿದರು. ನಮ್ಮವ್ವನನ್ನು ನಮ್ಮಿಂದ ಎರಡನೇ ಮನೆಯ ವೆಂಕಟಮ್ಮನ ಜೊತೆ ಸೇರಿಸಿದರು.

“ಯಾರು ದೊಡ್ಡವರು?”

“ವೆಂಕಟಮ್ಮ. ಅರವತ್ ದಾಟದೆ,” ಅಂದ ಮಲ್ಲಯ್ಯ.

“ಹಾಗಾದ್ರೆ ಅವರೇ ಮನೆ ಯಜಮಾನಿ. ಕೆಂಪಾಜಮ್ಮ ಅವರಿಗೆ ಏನಾಗಬೇಕು? ಸಂಬಂಧ ಅಂತ ಒಂದು ಕಾಲಂ ಇದೆ.”

“ಏನೂ ಆಗ್ಬೇಕಾಗಿಲ್ಲ. ತಂಗಿ ಅಂತ ಬರ್ಕಳಿ.”

“ಈ ಹುಡುಗ?”

ಮಲ್ಲಯ್ಯ ನನ್ನ ಕಡೆ ನೋಡಲಿಲ್ಲ. “ಮಗ ಅಂತ ಬರ್ಕಳಿ. ವೆಂಕಟಮ್ಮುಂಗೂ ಮಕ್ಕಳಿಲ್ಲ.”

ಮೇಷ್ಟ್ರು ಬರೆದದ್ದನ್ನು ಓದಿ ಹೇಳಿದರು. ಮನೆ ಸಂಖ್ಯೆ ಅರವತ್ತನಾಲ್ಕು, ಯಜಮಾನಿ ವೆಂಕಟಮ್ಮ, ತಂಗಿ ಕೆಂಪಾಜಮ್ಮ, ಮಗ ರಾಜು. ಹೊಂಗೆಮರದ ಕೆಳಗೆ ಅವ್ವ ಸೆರಗು ಕೊಡವಿ ಎದ್ದು ಮನೆಗೆ ಹೋದಳು. ವೆಂಕಟಮ್ಮ ಕೂತೇ ಇದ್ದಳು.

ಅವ್ವ ವೆಂಕಟಮ್ಮನ ಜೊತೆ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ನಮ್ಮಪ್ಪ ಸತ್ತ ದಿನ, ಹೆಣ ಇನ್ನೂ ಜಗುಲಿಯ ಮೇಲಿದ್ದಾಗ, ವೆಂಕಟಮ್ಮ ಯಾರಿಗೋ “ಇವ್ಳಿಗೇನು, ಮಗ ಅವ್ನೆ” ಅಂದಿದ್ದಳು. ಅವ್ವನ ಕಿವಿಗೆ ಬಿತ್ತು. ಆ ಮಗ ಅನ್ನುವವನಿಗೆ ಆಗ ಹನ್ನೊಂದು ವರ್ಷ. ಏಳನೇ ಕ್ಲಾಸು ಮುಗಿಸಿ ಶಾಲೆ ಬಿಟ್ಟು ಇಟ್ಟಿಗೆ ಗೂಡಿಗೆ ಹೋದೆ, ಆಮೇಲೆ ತಾಂಡ್ಯಕ್ಕೆ. ಶಾಲೆ ಬಿಟ್ಟದ್ದಕ್ಕೂ ಅವ್ವ ವೆಂಕಟಮ್ಮನ ಬಾಯಿಯನ್ನೇ ಬೈಯುತ್ತಿದ್ದಳು.

ಸಂಜೆ ಅವ್ವ ಹೇಳಿದಳು: “ಅವ್ಳ್ ತಂಗಿಯಂತೆ ನಾನು. ನನ್ನ ಮಣ್ ಮಾಡು, ಆಮೇಲ್ ಆ ಮನೆ ಕಟ್ಸು.”

ಪಟ್ಟಿ ಅಂತಿಮವಾಗಲು ಆರು ವಾರ ಇತ್ತು. ಆಕ್ಷೇಪ ಇದ್ದವರು ಅಷ್ಟರಲ್ಲಿ ಕೊಡಬಹುದು ಅಂತ ಪಂಚಾಯ್ತಿ ಗೋಡೆಗೆ ಚೀಟಿ ಅಂಟಿಸಿದ್ದರು. ನನಗೆ ಸೆಕೆಂಡ್ ಶಿಫ್ಟು, ಬೆಳಿಗ್ಗೆ ಹೊತ್ತು ಖಾಲಿ. ಇನ್ನೂರು ಪುಟದ ನೋಟ್‌ಬುಕ್ ತಂದು ಗೆರೆ ಎಳೆದು, ಊರನ್ನು ನಾನೇ ಎಣಿಸಲು ಹೊರಟೆ. ಇವರ ಲೆಕ್ಕ ತಪ್ಪು ಅಂತ ಕಾಗದದಲ್ಲಿ ತೋರಿಸಿದರೆ ಬಾಯಿ ಮುಚ್ಚುತ್ತಾರೆ ಅಂದುಕೊಂಡಿದ್ದೆ. ಮನೆ ಅಂದರೆ ಏನು ಅಂತ ಬಹಳ ಯೋಚಿಸಿ, ಪ್ರತಿ ಬಾಗಿಲಲ್ಲೂ ಒಂದೇ ಪ್ರಶ್ನೆ ಕೇಳುವುದು ಅಂತ ತೀರ್ಮಾನಿಸಿದೆ: ಒಲೆ ಎಷ್ಟು.

ಮೊದಲು ಮೇಗಲ ಬೀದಿ. ಅಲ್ಲಿನ ಯಜಮಾನ ದೊಡ್ಡಸಿದ್ದಯ್ಯ ತನ್ನ ಮನೆಯನ್ನು ನಾಲ್ಕು ಅಂತ ಬರೆಸಿದ್ದ, ನಾಲ್ಕು ಗಂಡುಮಕ್ಕಳಿಗೆ ನಾಲ್ಕು. ಅವನ ಹೆಂಡತಿ ಮಂಗಳಮ್ಮ ಬಾಗಿಲಿಗೆ ಬಂದಳು. ನಾನು ಜಗುಲಿಯ ಕೆಳಗೆ ನಿಂತು ಕೇಳಿದೆ.

“ಅವ್ವಾ, ನಿಮ್ಮನೇಲಿ ಒಲೆ ಎಷ್ಟವೆ?”

“ಒಂದೇ ಕಣಪ್ಪ. ಯಾಕೆ?”

“ನಾಕ್ ಮನೆ ಅಂತ ಬರ್ಸವ್ರೆ.”

“ಹತ್ತೊಂಬತ್ ಜನಕ್ಕೆ ಒಂದೇ ಒಲೇಲಿ ಬೇಯಿಸ್ತೀವಿ. ನಾಲ್ಕ್ ಒಲೆ ಹೂಡಿದ್ರೆ ನಾಲ್ಕ್ ಸೊಸೇರೂ ನನ್ ಮಾತ್ ಕೇಳ್ತಾರಾ? ಬರ್ಕೊ, ಒಂದೇ ಅಂತ ದೊಡ್ದಾಗ್ ಬರ್ಕೊ.”

ದೊಡ್ಡಸಿದ್ದಯ್ಯ ಹಿತ್ತಲಿಂದ ಬಂದ. “ಏನ್ಲಾ ಇದು? ನಿಂಗ್ಯಾರ್ ಕೊಟ್ರು ಈ ಕೆಲ್ಸವ?”

“ಯಾರೂ ಕೊಟ್ಟಿಲ್ಲ.”

“ಸಂಬಳ?”

“ಇಲ್ಲ.”

ಅವನು ನನ್ನ ಪುಸ್ತಕದ ಮೇಲೆ ಕಣ್ಣಾಡಿಸಿದ. “ಸರಿ, ಬರ್ಕೊ,” ಅಂದ. ಸಂಬಳವಿಲ್ಲದೆ ಬರೆದದ್ದರಿಂದ ಯಾರಿಗೂ ಏನೂ ಆಗುವುದಿಲ್ಲ ಅಂತ ಅವನಿಗೆ ಗೊತ್ತಿತ್ತು.

ಬಾವಿ ಬೀದಿಯಲ್ಲಿ ಮೂರು ದಿನ ಹಿಡಿಯಿತು. ಉಪ್ಪಾರರ ಹೆಂಗಸರು ಮೊದಲು ನನ್ನ ಲಗ್ನದ ವಿಷಯ ಕೇಳಿ, ಆಮೇಲೆ ತಮ್ಮ ಒಲೆಯ ವಿಷಯ ಹೇಳುತ್ತಿದ್ದರು. ಬೀದಿಯ ಕೊನೆಗೆ ಊರಿನ ಒಂದೇ ಒಂದು ಮಡಿವಾಳರ ಮನೆ ಇದೆ. ಅವರು ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ. ಒಂದೇ ಮನೆಯಾದ್ದರಿಂದ ಅವರಿಗೆ ಬೀದಿಯೂ ಇಲ್ಲ, ಯಜಮಾನನೂ ಇಲ್ಲ. ಚಾವಡಿಯಲ್ಲಿ ಅವರನ್ನು ಹೇಳುವವರು ಯಾರೂ ಇರಲಿಲ್ಲ.

“ನೀವೇ ಓಗಿ ಯೋಳ್ಬಾರ್ದಿತ್ತಾ?” ಅಂದೆ.

“ಓಗಿದ್ದೆ ಕಣಪ್ಪ,” ಅಂದ ಮಡಿವಾಳ. “ನಾಕೂ ಜನ ಯಜಮಾನ್ರು ನನ್ ಕೈಲೇ ಒಗ್ಸಿದ್ ಪಂಚೆ ಉಟ್ಕಂಡ್ ಕೂತಿದ್ರು. ಏನೋ ಬಟ್ಟೆಗ್ ಬಂದವ್ನೆ ಅಂದ್ಕಂಡ್ರು.”

ಕಾಲೋನಿಗೆ ಚಿಕ್ಕಮಾದು ಕರೆದುಕೊಂಡು ಹೋದ. ಅವನು ತಾಂಡ್ಯದಲ್ಲಿ ನನ್ನ ಜೊತೆಯವನು, ಎರಡು ವರ್ಷ ಒಂದೇ ಸೈಕಲ್ಲಿನಲ್ಲಿ ಶಿಫ್ಟಿಗೆ ಹೋಗಿದ್ದೇವೆ. ಆದರೂ ಅವನ ಮನೆಯೊಳಗೆ ನಾನು ಕಾಲಿಟ್ಟದ್ದು ಎಣಿಸಲು ಹೋದಾಗಲೇ. ಅವನ ತಾಯಿ ಚಾಪೆ ಹಾಸಿ, ಇವನು ಕೂರುತ್ತಾನೋ ಇಲ್ಲವೋ ಅಂತ ಸುಮ್ಮನೆ ನೋಡುತ್ತ ನಿಂತಿದ್ದಳು. ಕೂತೆ. ಅದರಲ್ಲಿ ನನ್ನ ದೊಡ್ಡಸ್ತಿಕೆ ಏನಿಲ್ಲ, ಬರೆದು ಬರೆದು ಸೊಂಟ ಹಿಡಿದಿತ್ತು.

ಕಾಲೋನಿಯಲ್ಲಿ ಅರೆ ಒಂಬತ್ತಿದ್ದವು. ಮೂರು ಜೋಡಿ ಮಾಡಿ, ಕೊನೆಗೆ ಉಳಿದ ಮೂವರು ಮುದುಕಿಯರನ್ನು ಒಂದೇ ಮನೆಗೆ ಹಾಕಿದ್ದರು.

“ನಮ್ ಚಿಕ್ಕವ್ವನ್ನ ಅವ್ರತ್ತೆ ಜೊತೆ ಸೇರ್ಸವ್ರೆ,” ಅಂದ ಚಿಕ್ಕಮಾದು. “ಚಿಕ್ಕಪ್ಪ ಬದ್ಕಿದ್ದಾಗ್ಲೂ ಅವ್ರಿಬ್ರು ಒಂದಿನ ಒಟ್ಗಿರ್ನಿಲ್ಲ.”

“ನೀವು ಯೋಳ್ದಷ್ಟೇ ಬರ್ದವ್ರಾ, ಇಲ್ಲ ಕಮ್ಮಿ ಮಾಡವ್ರಾ?”

“ಅರೆಗಳ್ ಬುಟ್ರೆ ಎಲ್ಲ ಸರಿಯಾಗದೆ. ಒಟ್ಟು ಒಂಬತ್ ಅರೆಗೆ ನಾಕ್ ಮನೆ. ನೀನ್ ಇದ್ನೆಲ್ಲ ಬರ್ಕಂಡ್ ಏನ್ಮಾಡಿಯಾ?”

“ಕೊಡ್ತೀನಿ.”

“ಯಾರ್ಗೆ?”

ಅದನ್ನು ನಾನು ಇನ್ನೂ ಯೋಚಿಸಿರಲಿಲ್ಲ.

ಇಪ್ಪತ್ತಮೂರು ದಿನಕ್ಕೆ ಮುಗಿಯಿತು. ಮೇಷ್ಟ್ರ ಪಟ್ಟಿಯಲ್ಲಿ ಇನ್ನೂರ ಎಪ್ಪತ್ತು ಮನೆ. ನನ್ನ ಪುಸ್ತಕದಲ್ಲಿ ಇನ್ನೂರ ಎಂಬತ್ತೈದು. ಊರಲ್ಲಿ ಒಟ್ಟು ಮೂವತ್ತಮೂರು ಅರೆ ಒಕ್ಕಲಿದ್ದವು, ಅವನ್ನು ಹದಿನಾರು ಮನೆ ಮಾಡಿದ್ದರು. ಮಡಿವಾಳರದು ಒಂದು ಸೇರಿಸಿದೆ. ದೊಡ್ಡಸಿದ್ದಯ್ಯನದು ಮೂರು ಕಳೆದೆ. ಜನ ಸಾವಿರದ ಮುನ್ನೂರ ತೊಂಬತ್ತೆಂಟು. ತಾಂಡ್ಯಕ್ಕೆ ಹೋಗುವವರು ಅರವತ್ತೊಂದು, ಸರ್ಕಾರಿ ಕೆಲಸದವರು ಒಂಬತ್ತು, ಸೋಸಲೆ ಕಡೆಯಿಂದ ತಂದ ಸೊಸೆಯರು ಹತ್ತೊಂಬತ್ತು. ಅಷ್ಟು ದೂರದಿಂದ ಯಾಕೆ ತಂದರು ಅಂದರೆ, ನಮ್ಮೂರ ಗೋಡೆಗಳು ಅಲ್ಲಿಯವರಿಗೆ ಗೊತ್ತಿರಲಿಲ್ಲ.

ಪುಸ್ತಕ ತೆಗೆದುಕೊಂಡು ನಂಜನಗೂಡಿಗೆ ಹೋದೆ. ತಾಲ್ಲೂಕು ಆಫೀಸಿನಲ್ಲಿ ಮೂರು ಮೇಜು ದಾಟಿಸಿ ಒಬ್ಬ ಗುಮಾಸ್ತರ ಮುಂದೆ ನಿಲ್ಲಿಸಿದರು. ಅವರು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದೊಂದೇ ಹಾಳೆ ತಿರುಗಿಸಿದರು.

“ಅಕ್ಷರ ಚೆನ್ನಾಗಿದೆ. ಎಷ್ಟು ಓದಿದ್ದೀಯಪ್ಪ?”

“ಏಳು, ಸಾ.”

“ಬಿಡಬಾರದಾಗಿತ್ತು.” ಪುಸ್ತಕವನ್ನು ನನ್ನ ಕಡೆ ತಳ್ಳಿದರು. “ಇದು ನಿನ್ನ ಖಾಸಗಿ ಲೆಕ್ಕ. ಇದಕ್ಕೆ ಸೀಲ್ ಹಾಕೋಕೆ ಬರಲ್ಲ. ನಿಮ್ಮನೆ ಒಂದರದ್ದು ಏನಾದ್ರೂ ಇದ್ರೆ ಹೇಳು.”

ಹೇಳಿದೆ. ಅವರು ಪಟ್ಟಿಯ ಪ್ರತಿಯಲ್ಲಿ ಅರವತ್ತನಾಲ್ಕನೇ ಮನೆ ಹುಡುಕಿದರು.

“ಇದರಿಂದ ನೀವು ಬೇರೆ ಆಗಬೇಕು ಅಂದ್ರೆ ಮನೆ ಯಜಮಾನಿ ಒಪ್ಪಿಗೆ ಕೊಡಬೇಕು. ಒಲೆ ಬೇರೆ, ಸಂಬಂಧ ಇಲ್ಲ ಅಂತ. ವೆಂಕಟಮ್ಮನವರ ಸಹಿ ಅಥವಾ ಹೆಬ್ಬೆಟ್ಟು.”

“ಅವರು ನಮ್ ಯಜಮಾನಿ ಅಲ್ಲ ಸಾ.”

“ಅದನ್ನ ಅವರೇ ಹೇಳಬೇಕು.”

“ಅವರಿಗೂ ನಮಗೂ ಏನೂ ಸಂಬಂಧ ಇಲ್ಲ.”

“ಅದನ್ನೂ ಅವರೇ ಹೇಳಬೇಕು,” ಅಂದು ಗುಮಾಸ್ತರು ಒಂದು ಫಾರಂ ಕೊಟ್ಟರು. ಫಾರಮ್ಮಿಗೆ ಏನೂ ತೆಗೆದುಕೊಳ್ಳಲಿಲ್ಲ. ಒಳ್ಳೆಯವರು.

ಮಾರನೇ ದಿನ ವೆಂಕಟಮ್ಮನ ಮನೆಗೆ ಹೋದೆ. ಹನ್ನೊಂದು ವರ್ಷದಲ್ಲಿ ಅದೇ ಮೊದಲು. ಅವಳು ಅಂಗಳದಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಅವಳ ಮನೆಗೆ ನಾಲ್ಕೂ ಗೋಡೆ ಇದ್ದವು, ಒಳಗೆ ಮನುಷ್ಯರಿರಲಿಲ್ಲ.

“ಬಾ ಮಗ, ಕೂತ್ಕೊ.”

“ಕೂರಾಕಿಲ್ಲ ದೊಡ್ಡವ್ವ. ಒಂದ್ ಹೆಬ್ಬೆಟ್ ಬೇಕಾಗಿತ್ತು.”

ಫಾರಂ ಓದಿ ಹೇಳಿದೆ. ಒಲೆ ಬೇರೆ, ಊಟ ಬೇರೆ, ಮೇಲ್ಕಂಡ ಕೆಂಪಾಜಮ್ಮ ಮತ್ತು ರಾಜು ಎಂಬುವರಿಗೂ ನನಗೂ ಯಾವ ಸಂಬಂಧವೂ ಇರುವುದಿಲ್ಲ. ಅವಳು ಬೀಜ ಬಿಡಿಸುವುದನ್ನು ನಿಲ್ಲಿಸಲಿಲ್ಲ.

“ಅವತ್ತು ಮೇಷ್ಟ್ರು ಓದ್ದಾಗ ನಾನೂ ಕೇಳುಸ್ಕಂಡೆ,” ಅಂದಳು. “ಮಗ ರಾಜು ಅಂದ್ರು. ಅಷ್ಟ್ ಜನ ಇದ್ರು. ಯಾರೂ ನಗ್ನಿಲ್ಲ.”

ನಾನು ಫಾರಂ ಮಡಿಸಿಕೊಂಡೆ.

“ಈ ಊರ್ಗ್ ಬಂದು ನಲ್ವತ್ನಾಕ್ ವರ್ಸ ಆಯ್ತು. ಬಂಜೆ ಅಂದವ್ರೆ, ಮುಂಡೆ ಅಂದವ್ರೆ. ಯಾರ್ನಾರ ತೋರ್ಸಿ ಇವ್ನ್ ನಿನ್ ಮಗ ಅಂತ ಯಾರೂ ಅಂದಿರ್ನಿಲ್ಲ.”

“ಅದು ಲೆಕ್ಕ ಸೇರ್ಸಾಕೆ ಬರ್ಕಂಡದ್ದು ದೊಡ್ಡವ್ವ.”

“ಗೊತ್ತು ಕಣ್ಲಾ. ನಂಗೇನ್ ಬುದ್ದಿ ಇಲ್ವಾ?” ಒಂದು ಬೀಜ ಎತ್ತಿ ನೋಡಿ ಎಸೆದಳು. “ಸಣ್ಣತಾಯಮ್ಮ ಸತ್ತಾಗ ನೀನಿದ್ದಾ?”

ಇದ್ದೆ. ಹೋದ ಶ್ರಾವಣದಲ್ಲಿ. ಸಣ್ಣತಾಯಮ್ಮನಿಗೂ ಹಿಂದೆ ಮುಂದೆ ಯಾರೂ ಇರಲಿಲ್ಲ. ಗುಂಡಿ ಬೇಗ ತೋಡಿದರು, ಮನೆಗೊಂದು ಆಳು ಬಂದಿತ್ತು. ಆದರೆ ಮೊದಲ ಹಿಡಿ ಮಣ್ಣು ಮಗ ಹಾಕಬೇಕು, ಇಲ್ಲದಿದ್ದರೆ ಮನೆಯ ಗಂಡಸು. ಮನೆಯ ಗಂಡಸು ಯಾರು ಅಂತ ಮಾತು ಬಂತು. ಹಾಕಿದವನಿಗೆ ಹನ್ನೊಂದು ದಿನದ ಸೂತಕ, ತಿಥಿ, ಎಲ್ಲ ಅಂಟಿಕೊಳ್ಳುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಚಟ್ಟ ಇಳಿಸಿದವರು ಮಧ್ಯಾಹ್ನ ಮೂರರವರೆಗೆ ಅದರ ಸುತ್ತ ನಿಂತು ಮಾತಾಡಿದರು. ನಡುವೆ ಕೆಲವರು ಉಂಡು ಬಂದರು. ಕೊನೆಗೆ ಎಲ್ಲರೂ ಒಂದೇ ಸಲ ಹಾಕೋಣ, ಆಗ ಯಾರಿಗೂ ಅಂಟುವುದಿಲ್ಲ ಅಂತ ಮಲ್ಲಯ್ಯ ತೀರ್ಮಾನ ಕೊಟ್ಟ. ಬುದ್ಧಿವಂತ ತೀರ್ಮಾನ ಅಂತ ಹೊಗಳಿದರು.

“ಫಾರಂ ಇಲ್ಲೇ ಮಡ್ಗು,” ಅಂದಳು ವೆಂಕಟಮ್ಮ. “ನೋಡಾನ.”

ಅವ್ವನಿಗೆ ಹೇಳಿದೆ. ಅವಳು ಒಲೆಯ ಮುಂದೆ ಕೂತು ಹಿಟ್ಟು ತೊಳಸುತ್ತಿದ್ದಳು.

“ಅವಳ್ಗೇನ್ ಬೇಕಂತೆ?”

“ಏನೂ ಕೇಳ್ನಿಲ್ಲ. ಸಣ್ಣತಾಯಮ್ಮನ ಇಸ್ಯ ತಗುದ್ರು.”

ಅವ್ವ ಮುದ್ದೆ ಕಟ್ಟಿ ತಟ್ಟೆಗೆ ಹಾಕಿದಳು. “ಮಣ್ಣಾಕ್ತೀನಿ ಅನ್ಬುಡು.”

“ಆಮೇಲೆ?”

“ಆಮೇಲೇನು? ಎದ್ದ್ ಬಂದು ಕೇಳಾಳಾ? ಆಕುದ್ರೂ ಆಕು. ಮಣ್ಣೇನ್ ನಮ್ ಮನೇದಾ?”

“ನೀನೇ ಓಗಿ ಒಂದ್ ಮಾತ್ ಕೇಳವ್ವ. ನೀನ್ ಕೇಳುದ್ರೆ ಒತ್ತಾರೇನೋ.”

“ಅವ್ಳ್ ಒಸ್ಲು ನಾ ತುಳಿಯಾಕಿಲ್ಲ,” ಅಂದಳು ಅವ್ವ. ಗೋಣಿಚೀಲದ ಅಡಿಯಿಂದ ಒಂದು ನಾಯಿ ಬಂದು ನಮ್ಮಿಬ್ಬರ ನಡುವೆ ಹಾದು ಹೋಯಿತು.

ಪಟ್ಟಿ ಅಂತಿಮ ಮಾಡುವ ದಿನ ಮತ್ತೆ ಚಾವಡಿ ತುಂಬಿತು. ಮೇಷ್ಟ್ರು ಕುರ್ಚಿಯಲ್ಲಿ ಕೂತು, ಸಾಯಂಕಾಲ ಐದಕ್ಕೆ ಪಟ್ಟಿ ನಂಜನಗೂಡಿಗೆ ಹೋಗುತ್ತದೆ, ಆಮೇಲೆ ಒಂದಕ್ಷರವೂ ಬದಲಾಗುವುದಿಲ್ಲ ಅಂದರು. ನಾನು ನೋಟ್‌ಬುಕ್ ಅವರ ಮುಂದಿಟ್ಟೆ. ಅವರು ಕೊನೆಯ ಪುಟ ತೆಗೆದು ಇನ್ನೂರ ಎಂಬತ್ತೈದು ಅಂತ ಜೋರಾಗಿ ಓದಿದರು.

“ಅದ್ರಲ್ಲಿ ನನ್ ಮನೆ ಎಷ್ಟು?” ಅಂದ ದೊಡ್ಡಸಿದ್ದಯ್ಯ.

“ಒಂದು.”

“ಯಾರ್ ಹೇಳಿದ್ದು?”

“ನಿಮ್ಮನೇವ್ರು.”

ಈ ಸಲ ಜನ ಚೆನ್ನಾಗಿ ನಕ್ಕರು. ದೊಡ್ಡಸಿದ್ದಯ್ಯನೂ ನಕ್ಕ. ನಕ್ಕು ಮುಗಿದ ಮೇಲೂ ಅವನದು ನಾಲ್ಕೇ ಉಳಿಯಿತು, ಯಾಕೆಂದರೆ ಒಪ್ಪಿಗೆಯ ಫಾರಂ ಇಲ್ಲದ ಯಾವ ಆಕ್ಷೇಪವನ್ನೂ ತೆಗೆದುಕೊಳ್ಳಲು ಬರುವುದಿಲ್ಲ ಅಂತ ಮೇಷ್ಟ್ರು ಆದೇಶ ಓದಿದರು. ಮಡಿವಾಳ ಹಿಂದೆ ನಿಂತಿದ್ದ. ಅವನಿಗೆ ಒಪ್ಪಿಗೆ ಕೊಡುವ ಯಜಮಾನನೇ ಪಟ್ಟಿಯಲ್ಲಿರಲಿಲ್ಲ. ಮೂವತ್ತಮೂರು ಅರೆಗಳಲ್ಲಿ ಫಾರಂ ಇದ್ದದ್ದು ನಮ್ಮದೊಂದೇ.

“ಅರವತ್ತನಾಲ್ಕನೇ ಮನೆ. ವೆಂಕಟಮ್ಮನವರು ಬನ್ನಿ,” ಅಂತ ಮೇಷ್ಟ್ರು ಕರೆದರು.

ಅವಳು ಮೆಟ್ಟಿಲು ಹತ್ತಿ ಬಂದಳು. ಎಲೆಅಡಿಕೆ ಚೀಲದಿಂದ ಫಾರಂ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟಳು. ಮಡಿಕೆಗಳಲ್ಲಿ ಸುಣ್ಣ ಹಿಡಿದಿತ್ತು. ಅವ್ವನೂ ಮರದ ಕೆಳಗಿನಿಂದ ಎದ್ದು ಮೆಟ್ಟಿಲವರೆಗೆ ಬಂದಿದ್ದಳು.

ಮೇಷ್ಟ್ರು ಫಾರಂ ಓದಿದರು. ಇದಕ್ಕೆ ಹೆಬ್ಬೆಟ್ಟು ಬಿದ್ದರೆ ಕೆಂಪಾಜಮ್ಮನದು ಬೇರೆ ಮನೆಯಾಗುತ್ತದೆ, ಗ್ರಾಂಟಿಗೆ ಅವರ ಹೆಸರೂ ಹೋಗುತ್ತದೆ, ಬೀಳದಿದ್ದರೆ ಎರಡೂ ಸೇರಿ ವೆಂಕಟಮ್ಮನವರ ಹೆಸರಿಗೆ ಒಂದೇ ಮನೆ ಅಂತ ಬಿಡಿಸಿ ಹೇಳಿದರು. ಇಂಕಿನ ಪ್ಯಾಡು ಮುಂದೆ ಸರಿಸಿದರು. ವೆಂಕಟಮ್ಮ ಎಡಗೈ ಹೆಬ್ಬೆರಳನ್ನು ಅದರಲ್ಲಿ ಚೆನ್ನಾಗಿ ಅದ್ದಿದಳು. ಕಾಗದದ ಮೇಲೆ ತಂದು, ಒತ್ತದೆ ಹಿಡಿದಳು.

“ಮೇಷ್ಟ್ರೇ, ನಾನಿದ್ನ ಒತ್ತುದ್ ಮೇಲೆ ನನ್ ಮನೇಲಿ ಯಾರ್ಯಾರ್ ಇರ್ತಾರೆ?”

“ನೀವೊಬ್ಬರೇ ಅಮ್ಮ.”

“ಮಗ?”

“ಮಗ ಇರೋದಿಲ್ಲ.”

ಅವಳು ತಲೆಯಾಡಿಸಿದಳು, ಅಂಗಡಿಯಲ್ಲಿ ರೇಟು ಕೇಳಿ ತಿಳಿದುಕೊಂಡವರ ಹಾಗೆ.

“ನನ್ ಕೈಯಾರೆ ನಾನ್ ಅಳಿಸಾಕಿಲ್ಲ,” ಅಂದಳು. “ಅವ್ನೇ ಯೋಳ್ಲಿ. ಇವ್ಳು ನಂಗೇನೂ ಅಲ್ಲ, ನಾನ್ ಇವ್ಳ್ ಮಗ ಅಲ್ಲ ಅಂತ ಇಷ್ಟ್ ಜನದ್ ಮುಂದೆ ಅವ್ನ್ ಬಾಯಿಂದ ಬರ್ಲಿ. ಬಂದೇಟ್ಗೆ ಒತ್ಬುಡ್ತೀನಿ. ನಂಗೂ ಅವ್ರ್ ಮನೆ ತಪ್ಸಿ ಏನಾಗ್ಬೇಕಾಗದೆ?”

ಎಲ್ಲರೂ ನನ್ನ ಕಡೆ ತಿರುಗಿದರು. ಅವಳು ಕೇಳಿದ್ದರಲ್ಲಿ ಸುಳ್ಳು ಏನೂ ಇರಲಿಲ್ಲ. ನಂಜನಗೂಡಿನ ಆಫೀಸಿನಲ್ಲಿ ಅದೇ ಮಾತನ್ನು ಗುಮಾಸ್ತರಿಗೆ ನಾನು ನಿಂತ ನಿಲುವಿನಲ್ಲಿ ಹೇಳಿದ್ದೆ.

“ಯೋಳ್ಲಾ,” ಅಂದ ಮಲ್ಲಯ್ಯ. “ನಿಜ ತಾನೆ ಅದು?”

ನಿಜವೇ. ಅವ್ವ ಮೆಟ್ಟಿಲ ಮೇಲೆ ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ತುಟಿ ಅಲ್ಲಾಡಿಸಿ ಹೇಳು ಅಂದಳು. ವೆಂಕಟಮ್ಮ ನನ್ನನ್ನು ನೋಡುತ್ತಿರಲಿಲ್ಲ. ಬೆರಳು ಕಾಗದಕ್ಕೆ ತಾಕದ ಹಾಗೆ, ಕಾಗದದಿಂದ ದೂರವೂ ಆಗದ ಹಾಗೆ ಹಿಡಿದು ಅದನ್ನೇ ನೋಡುತ್ತಿದ್ದಳು. ಇಂಕು ಉಗುರಿನ ಸಂದಿಗೆ ಇಳಿದಿತ್ತು. ಹಿಂದಿನವರು ಸರಿಯಾಗಿ ಕೇಳಲು ಮುಂದೆ ಬಂದರು. ಯಾರೋ ಒಬ್ಬ ಬೀಡಿ ಆರಿಸಿದ.

ಆರು ವಾರದಿಂದ ನನ್ನ ಹತ್ತಿರ ಮಾತು ರೆಡಿ ಇದ್ದವು. ಮಲ್ಲಯ್ಯನಿಗೆ ಒಂದು, ದೊಡ್ಡಸಿದ್ದಯ್ಯನಿಗೆ ಒಂದು, ಮೇಷ್ಟ್ರಿಗೂ ಒಂದು. ಸೈಕಲ್ ತುಳಿಯುತ್ತ, ಡಬ್ಬ ಪ್ಯಾಕ್ ಮಾಡುತ್ತ ಅವನ್ನು ತಿದ್ದಿ ತೀಡಿ ಇಟ್ಟಿದ್ದೆ. ಇದೊಂದಕ್ಕೆ ಇರಲಿಲ್ಲ.

“ರಾಜು, ಬೇಗ ಹೇಳಪ್ಪ, ನನಗೆ ಶಾಲೆ ಇದೆ,” ಅಂದರು ಮೇಷ್ಟ್ರು.

ನಾನು ಮೆಟ್ಟಿಲು ಇಳಿದೆ. ಅವ್ವ ನನ್ನ ಅಂಗಿ ಹಿಡಿದಳು. ಬಿಡಿಸಿಕೊಂಡೆ. ಹೊಂಗೆಮರದ ಬುಡದಲ್ಲಿ ಬಿಟ್ಟಿದ್ದ ಚಪ್ಪಲಿ ಹುಡುಕಿ ಮೆಟ್ಟಿಕೊಂಡೆ. ಒಂದು ಚಪ್ಪಲಿಯ ಉಂಗುಷ್ಟ ಕಿತ್ತಿತ್ತು, ಬೆರಳಲ್ಲಿ ಒತ್ತಿ ಹಿಡಿದು ನಡೆಯಬೇಕಾಗಿತ್ತು.

“ಏನಂತ ಬರ್ಕೊಬೇಕ್ಲಾ?” ಅಂತ ಹಿಂದಿನಿಂದ ಮಲ್ಲಯ್ಯ ಕೂಗಿದ. “ಲೇ, ನಿನ್ನೇ ಕಣ್ಲಾ ಕೇಳ್ತಿರೋದು.”

ಕಾಲುವೆ ಏರಿಯ ಮೇಲೆ ಹತ್ತಿದೆ. ಅಲ್ಲಿಗೂ ಅವನ ದನಿ ಕೇಳುತ್ತಿತ್ತು. ಆಮೇಲೆ ಮೇಷ್ಟ್ರ ದನಿ, ಆಮೇಲೆ ಅವ್ವನದು. ಮೂವರೂ ಕೇಳುತ್ತಿದ್ದದ್ದು ಒಂದೇ. ನಾನು ತಾಂಡ್ಯದ ದಾರಿ ಹಿಡಿದೆ. ಶಿಫ್ಟಿಗೆ ಇನ್ನೂ ಮೂರು ಗಂಟೆ ಇತ್ತು.